ವಿದೇಶಿ ಸಹಭಾಗಿತ್ವದಲ್ಲಿ ತಾಂತ್ರಿಕ ತರಬೇತಿ ಸಂಸ್ಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ತಾಲ್ಲೂಕು ಮಟ್ಟದ ವಿದ್ಯಾಸಂಸ್ಥೆಗಳು, ಮಠಗಳ ಟ್ರಸ್ಟುಗಳು, ಕೈಗಾರಿಕಾ ಸಂಘಗಳು, ಹೊರದೇಶದಲ್ಲಿ ನೆಲೆಸಿ ಊರಿಗೆ ಏನಾದರೂ ಮಾಡಬೇಕೆನ್ನುವ ಕನ್ನಡಿಗರು ಈ ವಿಚಾರದಲ್ಲಿ ಕೇಳುವುದು ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆಗಳನ್ನು. ಎಲ್ಲರೂ ಮೊದಲು ಕೇಳುವುದು "ಯಾವ ದೇಶದವರು ಯಂತ್ರ ಕೊಡುತ್ತಾರೆ?" ಎಂದು. ಅದನ್ನು ಇಲ್ಲಿ ಬೇಕೆಂದೇ ಹಿಂದಕ್ಕೆ ಹಾಕಿದ್ದೇನೆ. ಸಹಭಾಗಿಗಳು ತಮ್ಮ ದೇಶಕ್ಕೆ ಹಿಂತಿರುಗಿದ ಮರುದಿನ ನಿಮ್ಮ ವರ್ಕ್‌ಶಾಪಿನಲ್ಲಿ ಏನು ನಡೆಯುತ್ತದೆ ಎಂದು ಮೊದಲು ಯೋಚಿಸಿ. ಉಳಿದ ಎಷ್ಟೋ ತೀರ್ಮಾನಗಳು ಅಲ್ಲಿಂದಲೇ ಹುಟ್ಟುತ್ತವೆ.

ಇಂಥ ಸಂಸ್ಥೆಗಳು ನಮ್ಮಲ್ಲಿ ಮೊದಲೇ ಇವೆಯೇ?

ಧಾರಾಳವಾಗಿ ಇವೆ. ಹೊರಗಿನವರಿಂದ ಕಸುಬು ಕಲಿತು ನಮ್ಮದಾಗಿಸಿಕೊಂಡ ಇತಿಹಾಸ ಕರಾವಳಿಯಲ್ಲೇ ಸಿಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಮುದ್ರಣ, ನೇಯ್ಗೆ, ಹಂಚು ಎಂದು ಒಂದೊಂದೇ ಉದ್ಯೋಗ ಶುರು ಮಾಡಿತು. ಜೆಪ್ಪುವಿನಲ್ಲಿ 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಮುಂದಾಳತ್ವದಲ್ಲಿ ಹಂಚಿನ ಕಾರ್ಖಾನೆ ಎದ್ದಿತು. ಕೆಲವೇ ವರ್ಷಗಳಲ್ಲಿ ಊರಿನವರೇ ತಮ್ಮದೇ ಕಾರ್ಖಾನೆಗಳನ್ನು ತೆರೆದರು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ಮಿಷನ್ನಿನ ಉದ್ದಿಮೆಗಳನ್ನು ವಶಪಡಿಸಿಕೊಂಡರೂ ಮಂಗಳೂರು ಹಂಚು ನಿಲ್ಲಲಿಲ್ಲ, ಕೆಲಸ ಊರಿನವರ ಕೈಗೆ ಹತ್ತಿಬಿಟ್ಟಿತ್ತು.

ಸ್ವಾತಂತ್ರ್ಯಾನಂತರದ ಕಥೆ ಇನ್ನೂ ನೇರವಾಗಿ ನಮಗೆ ಸಂಬಂಧಿಸಿದ್ದು. ಸ್ವಿಸ್ ನೆರವಿನೊಂದಿಗೆ 1959ರಲ್ಲಿ ಕೇರಳದ ತಲಶ್ಶೇರಿ ಹತ್ತಿರದ ನೆಟ್ಟೂರಿನಲ್ಲಿ ಹುಟ್ಟಿದ ನೆಟ್ಟೂರು ತಾಂತ್ರಿಕ ತರಬೇತಿ ಪ್ರತಿಷ್ಠಾನ (ಎನ್‌ಟಿಟಿಎಫ್) ಆಮೇಲೆ ಬೆಂಗಳೂರಿಗೆ ಬಂದು ಇಲ್ಲೇ ಬೇರುಬಿಟ್ಟಿತು. ಜರ್ಮನಿಯ ಸಹಾಯದಿಂದ 1971ರಲ್ಲಿ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಫೋರ್‌ಮೆನ್ ತರಬೇತಿ ಸಂಸ್ಥೆ ಬಂತು. 1972ರಲ್ಲಿ, ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು ಎಂದಿದ್ದಾಗ, ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ರಾಜಾಜಿನಗರದ ಕೈಗಾರಿಕಾ ವಸಾಹತುವಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಎಲ್ಲರ ಬಾಯಲ್ಲಿ ಜಿಟಿಟಿಸಿ ಆಗಿರುವ ಸಂಸ್ಥೆ ಶುರುವಾಯಿತು. ಈಚಿನವುಗಳಲ್ಲಿ ಬಿಡದಿಯ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ 2007ರದು. ಜರ್ಮನಿ ಸರ್ಕಾರದ ಅಭಿವೃದ್ಧಿ ಸಹಕಾರ ಸಂಸ್ಥೆಯಾದ ಜಿಐಝಡ್ ಸಹಯೋಗದಲ್ಲಿ ರಾಜ್ಯ ಸರ್ಕಾರ ಬೆಂಗಳೂರು, ಕಲಬುರಗಿಗಳಲ್ಲಿ ತೆರೆದ ಕೇಂದ್ರಗಳು ಈಗ ಕೆಜಿಟಿಟಿಐ (ಕರ್ನಾಟಕ-ಜರ್ಮನ್ ತಾಂತ್ರಿಕ ತರಬೇತಿ ಸಂಸ್ಥೆ) ಎಂಬ ಹೆಸರಿನಲ್ಲಿ ಮಂಗಳೂರು, ಹುಬ್ಬಳ್ಳಿ, ಬೆಳಗಾವಿಗೂ ಹಬ್ಬಿವೆ.

ಯೋಜನಾ ವರದಿ ಬರೆಯಿಸುವ ಮೊದಲು ಇವುಗಳಲ್ಲಿ ಎರಡನ್ನಾದರೂ ಕಣ್ಣಾರೆ ನೋಡಿ ಬನ್ನಿ. ಸ್ಟುಟ್‌ಗಾರ್ಟಿಗೆ ಅಧ್ಯಯನ ಪ್ರವಾಸ ಆಮೇಲೆ ಇಟ್ಟುಕೊಳ್ಳಬಹುದು.

ಇವುಗಳಲ್ಲಿ ಯಾವುದನ್ನು ಮಾದರಿಯಾಗಿ ನೋಡಬೇಕು?

ನನ್ನ ಆಯ್ಕೆ ಜಿಟಿಟಿಸಿ. ವಿದೇಶಿ ನೆರವು ಮುಗಿದ ಮೇಲೆ ಸೊರಗಿದ ಸಂಸ್ಥೆಗಳನ್ನು ನೀವೂ ನೋಡಿರುತ್ತೀರಿ: ಬೀಗ ಹಾಕಿದ ಪ್ರಯೋಗಾಲಯ, ಪ್ಲಾಸ್ಟಿಕ್ ಹೊದಿಕೆ ತೆಗೆಯದ ಯಂತ್ರ, ಬಣ್ಣ ಮಾಸಿದ ಉದ್ಘಾಟನಾ ಫಲಕ. ಜಿಟಿಟಿಸಿ ಹಾಗಾಗಲಿಲ್ಲ. ಡೇನರು ಹೋದ ಮೇಲೂ ಬೆಳೆದು ಇಂದು ರಾಜ್ಯದಲ್ಲಿ ಮೂವತ್ತಕ್ಕೂ ಹೆಚ್ಚು ಕೇಂದ್ರಗಳನ್ನು ನಡೆಸುತ್ತಿದೆ.

ಕಾರಣ ಅದರ ಹೆಸರಿನಲ್ಲೇ ಇದೆ. ಮೊದಲು ಉಪಕರಣಾಗಾರ, ನಂತರ ತರಬೇತಿ ಕೇಂದ್ರ. ಹೊರಗಿನ ಕಾರ್ಖಾನೆಗಳಿಂದ ಅಚ್ಚು, ಡೈ, ನಿಖರ ಬಿಡಿಭಾಗಗಳ ಆರ್ಡರ್ ತೆಗೆದುಕೊಂಡು ದುಡ್ಡಿಗೆ ಮಾಡಿಕೊಡುವ ಟೂಲ್‌ರೂಮ್ ಅದು. ವಿದ್ಯಾರ್ಥಿ ಕಲಿಯುವುದು ಅದೇ ಆವರಣದಲ್ಲಿ. ಇದರಿಂದ ಮೂರು ಲಾಭ. ಸಂಸ್ಥೆಗೆ ಸ್ವಂತ ಆದಾಯ ಬರುತ್ತದೆ. ಯಂತ್ರ ಕೆಟ್ಟರೆ ಆರ್ಡರ್ ನಿಲ್ಲುವುದರಿಂದ ರಿಪೇರಿ ಮುಂದೂಡಲಾಗುವುದಿಲ್ಲ. ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಹುಡುಗ ಮಾಡಿದ ತುಂಡನ್ನು ನೋಡುವವನು ಪರೀಕ್ಷಕ ಮಾತ್ರ ಅಲ್ಲ, ಗ್ರಾಹಕನೂ ಹೌದು. ಪರೀಕ್ಷಕ ಐದು ಅಂಕ ಕಳೆದು ಪಾಸು ಮಾಡಿಯಾನು, ಗ್ರಾಹಕ ಹತ್ತು ಮೈಕ್ರಾನ್ ಹೆಚ್ಚಾದರೂ ವಾಪಸ್ ಕಳಿಸುತ್ತಾನೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷ ಕೇಂದ್ರದಲ್ಲಿ, ಮತ್ತೊಂದು ವರ್ಷ ಕಾರ್ಖಾನೆಯಲ್ಲಿ. ಎಸ್ಸೆಸ್ಸೆಲ್ಸಿ ಪಾಸಾದ ಮಕ್ಕಳು ಸೇರಬಹುದು. ಪೀಣ್ಯದ ಟೂಲ್‌ರೂಮುಗಳಲ್ಲಿ ಎನ್‌ಟಿಟಿಎಫ್, ಜಿಟಿಟಿಸಿಯಲ್ಲಿ ಕಲಿತವರು ಸಿಗದಿದ್ದರೇ ಆಶ್ಚರ್ಯ.

ಜರ್ಮನಿಯ ದ್ವಂದ್ವ ತರಬೇತಿ ಪದ್ಧತಿಯನ್ನು ಹಾಗೆಯೇ ತರಬಹುದಲ್ಲವೇ?

ಹಾಗೆಯೇ ತರಲು ಬರುವುದಿಲ್ಲ. ಜರ್ಮನಿಯಲ್ಲಿ ಕಲಿಯುವವರು ವಾರದಲ್ಲಿ ಮೂರು ನಾಲ್ಕು ದಿನ ಕಂಪನಿಯಲ್ಲಿ, ಒಂದೆರಡು ದಿನ ಶಾಲೆಯಲ್ಲಿ ಇರುತ್ತಾರೆ. ಒಟ್ಟು ಅವಧಿ ಎರಡರಿಂದ ಮೂರೂವರೆ ವರ್ಷ. ಕಂಪನಿಯೇ ಅವರೊಂದಿಗೆ ಕರಾರು ಮಾಡಿಕೊಂಡು ಭತ್ಯೆ ಕೊಡುತ್ತದೆ. 1969ರ ಕಾಯ್ದೆ, ಉದ್ಯಮ ಮಂಡಳಿಗಳ ಪರೀಕ್ಷೆ, ಕಾರ್ಮಿಕ ಸಂಘಗಳ ಒಪ್ಪಿಗೆ ಎಲ್ಲ ಸೇರಿ ಅದು ನಿಂತಿದೆ. ಅಲ್ಲಿ ಖರ್ಚಿನ ಬಹುಪಾಲು ಹೊರುವುದು ಉದ್ಯಮ.

ನಮ್ಮಲ್ಲಿ ಹದಿನೈದು ಜನ ಕೆಲಸ ಮಾಡುವ ಶೆಡ್ಡಿನ ಮಾಲೀಕ ಮೂರು ವರ್ಷ ಒಬ್ಬ ಹುಡುಗನ ಮೇಲೆ ಹಣ ಸುರಿಯುವುದಿಲ್ಲ. ಕಲಿತ ಹುಡುಗ ಪಕ್ಕದ ಶೆಡ್ಡಿಗೆ ಎರಡು ಸಾವಿರ ಜಾಸ್ತಿ ಸಂಬಳಕ್ಕೆ ಹೋಗುತ್ತಾನೆ ಎಂಬುದು ಅವನಿಗೆ ಗೊತ್ತು. ಅವನನ್ನು ದೂರಿ ಪ್ರಯೋಜನವಿಲ್ಲ. ಆದ್ದರಿಂದ ಮಧ್ಯದ ದಾರಿ ಹಿಡಿಯಬೇಕು: ಉತ್ಪಾದನೆಯ ಅನುಭವ ಸಂಸ್ಥೆಯೊಳಗೇ ಸಿಗಲಿ, ಕೊನೆಯ ಆರು ತಿಂಗಳು ಅಥವಾ ಒಂದು ವರ್ಷ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಗೆ ಹೋಗಲಿ. ಮೂವತ್ತು ಅಥವಾ ಹೆಚ್ಚು ಕೆಲಸಗಾರರಿರುವ ಘಟಕಗಳು ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂಬ ನಿಯಮ ಇದೆ. ಅವರ ಪಟ್ಟಿ ಹಿಡಿದು ಬಾಗಿಲು ತಟ್ಟಿ. ಐಟಿಐಗಳಿಗೆ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ ದ್ವಂದ್ವ ತರಬೇತಿ ಯೋಜನೆಯೂ ಇದೆ.

ವಿದೇಶಿ ಸಹಭಾಗಿ ಎಂದರೆ ಯಾರ್ಯಾರು ಆಗಬಹುದು?

ನಾಲ್ಕು ಬಗೆಯವರು ಸಿಗುತ್ತಾರೆ. ಮೊದಲನೆಯದು ಸರ್ಕಾರಗಳ ನಡುವಿನ ಸಹಕಾರ. ಇಲ್ಲಿ ಖಾಸಗಿ ಟ್ರಸ್ಟಿಗೆ ನೇರ ಪ್ರವೇಶ ಕಡಿಮೆ, ರಾಜ್ಯ ಕೌಶಲ್ಯಾಭಿವೃದ್ಧಿ ಇಲಾಖೆಯ ಮೂಲಕವೇ ಹೋಗಬೇಕು. ಎರಡನೆಯದು ಕಂಪನಿಗಳು. ಭಾರತ ಮತ್ತು ಜಪಾನ್ 2016ರಲ್ಲಿ ಮಾಡಿಕೊಂಡ ಒಪ್ಪಂದದಡಿ ಹತ್ತು ವರ್ಷದಲ್ಲಿ 30,000 ಜನರಿಗೆ ತರಬೇತಿ ಕೊಡುವ ಗುರಿ ಇಟ್ಟುಕೊಂಡು ಜಪಾನ್-ಭಾರತ ಉತ್ಪಾದನಾ ಸಂಸ್ಥೆಗಳು ಹುಟ್ಟಿದವು. 2017ರ ಮೊದಲ ನಾಲ್ಕರಲ್ಲಿ ಒಂದು ಕರ್ನಾಟಕದಲ್ಲಿ ಟೊಯೊಟಾದ್ದು. ಕಂಪನಿಗಳು ಗುಣಮಟ್ಟದಲ್ಲಿ ರಾಜಿಯಾಗುವುದಿಲ್ಲ, ಆದರೆ ತಮಗೆ ಬೇಕಾದ ಕೆಲಸವನ್ನೇ ಕಲಿಸುತ್ತವೆ. ಮೂರನೆಯದು ಚರ್ಚು, ಪ್ರತಿಷ್ಠಾನ, ರೋಟರಿಯಂಥ ಸೇವಾಸಂಸ್ಥೆಗಳು. ಎನ್‌ಟಿಟಿಎಫ್‌ನ ಮೂಲವೂ ಸ್ವಿಸ್ ಚರ್ಚುಗಳ ನೆರವು ಸಂಸ್ಥೆಯೇ. ನಾಲ್ಕನೆಯದು ಪಠ್ಯಕ್ರಮ ಮತ್ತು ಪ್ರಮಾಣಪತ್ರ ಮಾರುವವರು. ಇವರು ಶುಲ್ಕ ತೆಗೆದುಕೊಂಡು ಲೋಗೊ ಕೊಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಅದು ಖರೀದಿ. ಅದನ್ನು ಸಹಭಾಗಿತ್ವ ಎಂದು ಬ್ಯಾನರಿನಲ್ಲಿ ಹಾಕಿಕೊಳ್ಳುವುದಾದರೆ ಒಳಗೊಳಗೆ ಲೆಕ್ಕ ಸ್ಪಷ್ಟವಿರಲಿ.

ಟ್ರಸ್ಟ್, ಸೊಸೈಟಿ, ಸೆಕ್ಷನ್ 8 ಕಂಪನಿ: ಯಾವುದು ಒಳ್ಳೆಯದು?

ಮೂರೂ ನಡೆಯುತ್ತವೆ. ಸೆಕ್ಷನ್ 8 ಕಂಪನಿ ಎಂದರೆ ಕಂಪನಿ ಕಾಯ್ದೆಯ ಆ ಸೆಕ್ಷನ್ನಿನಡಿ ಲಾಭದ ಉದ್ದೇಶವಿಲ್ಲದೆ ನೋಂದಣಿಯಾದದ್ದು. ಹೊರದೇಶದವರು ಸೆಕ್ಷನ್ 8 ಕಂಪನಿಯ ಲೆಕ್ಕಪತ್ರ, ನಿರ್ದೇಶಕರ ಮಂಡಳಿ ಎಂಬ ಚೌಕಟ್ಟನ್ನು ಬೇಗ ಅರ್ಥಮಾಡಿಕೊಳ್ಳುತ್ತಾರೆ. ಸರ್ಕಾರ, ಕೈಗಾರಿಕಾ ಸಂಘ, ವಿದ್ಯಾಸಂಸ್ಥೆ ಮೂವರೂ ಸೇರುವುದಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸೊಸೈಟಿ ಹೊಂದುತ್ತದೆ. ಮನೆಯವರೇ ತುಂಬಿಕೊಂಡ ಟ್ರಸ್ಟ್ ಆದರೆ ಸಹಭಾಗಿಗಳು ಹಿಂದೇಟು ಹಾಕುತ್ತಾರೆ.

ವಿದೇಶದಿಂದ ಹಣ ತರಲು ಏನು ಅನುಮತಿ ಬೇಕು?

ಇಲ್ಲಿ ಎಡವುವವರೇ ಹೆಚ್ಚು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ಅನ್ವಯವಾಗುತ್ತದೆ. ಕೇಂದ್ರ ಗೃಹ ಸಚಿವಾಲಯದಲ್ಲಿ ನೋಂದಣಿ ಮಾಡಿಸಬೇಕು. ಅದಕ್ಕೆ ಸಂಸ್ಥೆಗೆ ಕನಿಷ್ಠ ಮೂರು ವರ್ಷ ವಯಸ್ಸಾಗಿರಬೇಕು, ಆ ಮೂರು ವರ್ಷಗಳಲ್ಲಿ ಮೂಲ ಉದ್ದೇಶಕ್ಕಾಗಿ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ನೋಂದಣಿ ಐದು ವರ್ಷಕ್ಕೆ, ನಂತರ ನವೀಕರಣ. ಹೊಸದಾಗಿ ಹುಟ್ಟಿದ ಸಂಸ್ಥೆಯಾದರೆ ಒಬ್ಬ ನಿರ್ದಿಷ್ಟ ದಾನಿ, ನಿರ್ದಿಷ್ಟ ಮೊತ್ತ, ನಿರ್ದಿಷ್ಟ ಕೆಲಸಕ್ಕೆಂದು ಪೂರ್ವಾನುಮತಿ ಕೇಳಬಹುದು. ದಾನಿಯ ಬದ್ಧತಾ ಪತ್ರ ಅದಕ್ಕೆ ಬೇಕು.

2020ರ ತಿದ್ದುಪಡಿ ಮೂರು ಬಿಗಿ ನಿಯಮ ತಂದಿತು. ಹಣ ಮೊದಲು ಬರಬೇಕಾದದ್ದು ನವದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ (ತರಬೇತುದಾರರ ಸಂಬಳ ಈ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಸಮಾಧಾನದ ವಿಷಯ). ಮೂರನೆಯದನ್ನು ಗಟ್ಟಿಯಾಗಿ ನೆನಪಿಡಿ: ಒಂದು ಸಂಸ್ಥೆಗೆ ಬಂದ ವಿದೇಶಿ ವಂತಿಗೆಯನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. "ನಮ್ಮ ಮೂಲ ಟ್ರಸ್ಟಿಗೆ ಎಫ್‌ಸಿಆರ್‌ಎ ಇದೆ, ಅಲ್ಲಿಗೆ ತರಿಸಿಕೊಂಡು ಹೊಸ ತರಬೇತಿ ಸೊಸೈಟಿಗೆ ಕೊಡುತ್ತೇವೆ" ಎಂಬ ಉಪಾಯ ನಡೆಯುವುದಿಲ್ಲ. ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ವಾರ ಸಚಿವಾಲಯದ ಜಾಲತಾಣ ನೋಡಿ, ಈ ಕೆಲಸ ಗೊತ್ತಿರುವ ಲೆಕ್ಕಪರಿಶೋಧಕರನ್ನು ಜೊತೆಗಿಟ್ಟುಕೊಳ್ಳಿ.

ಅಮೆರಿಕದಲ್ಲಿರುವ ನಮ್ಮ ಊರಿನವರು ಹಣ ಕೊಟ್ಟರೂ ಇದೇ ನಿಯಮವೇ?

ಅವರ ಪಾಸ್‌ಪೋರ್ಟ್ ಯಾವುದು ಎಂಬುದರ ಮೇಲೆ ಹೋಗುತ್ತದೆ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡ ಅನಿವಾಸಿ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ವಂತಿಗೆಯಲ್ಲ. ಆ ದೇಶದ ಪೌರತ್ವ ಪಡೆದು ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಇಟ್ಟುಕೊಂಡವರು ಕೊಟ್ಟರೆ ಅದು ವಿದೇಶಿ ವಂತಿಗೆಯೇ. ಹಾಸನದಲ್ಲಿ ಹುಟ್ಟಿ ಬೆಳೆದವರು ಎಂಬುದು ಕಾಯ್ದೆಯ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿನ ಕನ್ನಡ ಕೂಟ ಒಂದು ಸಂಘವಾಗಿ ಹಣ ಕಳಿಸಿದರೂ ಅಷ್ಟೇ. ಪ್ರತಿ ದಾನಿಯಿಂದ ಪಾಸ್‌ಪೋರ್ಟ್ ಪ್ರತಿ ಪಡೆದಿಡಿ, ಸಂಕೋಚ ಬೇಡ.

ಹಣಕ್ಕಿಂತ ಅವರಿಂದ ಕೇಳಬೇಕಾದದ್ದು ಬೇರೆ ಇದೆ ಎಂದು ನನ್ನ ಅಭಿಪ್ರಾಯ. ಮಿಶಿಗನ್ನಿನ ಕಾರು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಗುಣಮಟ್ಟ ನೋಡಿಕೊಂಡವರು ಕನ್ನಡದಲ್ಲೇ ಬೋಧಕರಿಗೆ ಪ್ರತಿ ವಾರ ಒಂದು ಆನ್‌ಲೈನ್ ಪಾಠ ಮಾಡಿದರೆ ಅದಕ್ಕೆ ಯಾವ ಅನುಮತಿಯೂ ಬೇಕಿಲ್ಲ.

ವಿದೇಶಿ ಕಂಪನಿಯ ಭಾರತೀಯ ಶಾಖೆ ಸಿಎಸ್‌ಆರ್ ಹಣ ಕೊಟ್ಟರೆ?

ಸಿಎಸ್‌ಆರ್ ಎಂದರೆ ಕಂಪನಿಗಳು ಸಾಮಾಜಿಕ ಹೊಣೆಗೆಂದು ಖರ್ಚು ಮಾಡುವ ಹಣ. ಇದು ಸುಲಭದ ದಾರಿ. ಭಾರತದಲ್ಲಿ ನೋಂದಣಿಯಾದ ಕಂಪನಿಯಲ್ಲಿ ವಿದೇಶಿ ಬಂಡವಾಳ ಅರ್ಧಕ್ಕಿಂತ ಹೆಚ್ಚಿದ್ದರೂ, ಅದು ಆ ಕ್ಷೇತ್ರಕ್ಕೆ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ) ಹಾಕಿದ ಮಿತಿಯೊಳಗಿದ್ದರೆ, ಆ ಕಂಪನಿ ವಿದೇಶಿ ಮೂಲ ಎನಿಸುವುದಿಲ್ಲ. 2016ರಲ್ಲಿ ಕಾಯ್ದೆಗೆ ಈ ತಿದ್ದುಪಡಿ ಬಂತು. ವೃತ್ತಿ ಕೌಶಲ ತರಬೇತಿ ಸಿಎಸ್‌ಆರ್ ಪಟ್ಟಿಯಲ್ಲಿ ಸ್ಪಷ್ಟವಾಗಿಯೇ ಇದೆ. ಬಿಡದಿ, ನರಸಾಪುರ, ವೇಮಗಲ್, ದೊಡ್ಡಬಳ್ಳಾಪುರದ ಕಡೆ ಜಪಾನ್, ಜರ್ಮನಿ, ತೈವಾನ್ ಮೂಲದ ಕಂಪನಿಗಳು ಸಾಕಷ್ಟಿವೆ. ದೂತಾವಾಸಕ್ಕೆ ಪತ್ರ ಬರೆಯುವ ಮೊದಲು ಅಲ್ಲಿಗೆ ಹೋಗಿ.

ಹೊರದೇಶದ ಕಾಲೇಜೊಂದು ಹಳೆಯ ಯಂತ್ರಗಳನ್ನು ಪುಕ್ಕಟೆ ಕೊಡುತ್ತದಂತೆ. ತೆಗೆದುಕೊಳ್ಳೋಣವೇ?

ಪುಕ್ಕಟೆ ಎಂಬ ಮಾತು ಬಂದರಿನ ತನಕ ಮಾತ್ರ. ಆಮೇಲೆ ಸಾಗಣೆ, ಸುಂಕ, ಚಾರ್ಟರ್ಡ್ ಎಂಜಿನಿಯರ್ ಕೊಡುವ ಮೌಲ್ಯ ಪ್ರಮಾಣಪತ್ರ, ಬಂದರಿನಲ್ಲಿ ತಡವಾದರೆ ದಿನಬಾಡಿಗೆ, ಕ್ರೇನು, ತಳಪಾಯ ಎಲ್ಲ ನಿಮ್ಮದೇ. ಆಮದು ಮಾಡಲು ಸಂಸ್ಥೆಯ ಹೆಸರಿನಲ್ಲಿ ಐಇಸಿ (ಆಮದು-ರಫ್ತು ಕೋಡ್) ಸಂಖ್ಯೆ ಇರಬೇಕು. ವಸ್ತುರೂಪದಲ್ಲಿ ಬಂದ ದಾನವೂ ಎಫ್‌ಸಿಆರ್‌ಎ ಅಡಿ ವಿದೇಶಿ ವಂತಿಗೆಯೇ ಆಗುತ್ತದೆ, ಇದು ಬಹಳ ಜನಕ್ಕೆ ತಿಳಿದಿಲ್ಲ.

ತಾಂತ್ರಿಕವಾಗಿ ನೋಡಬೇಕಾದ್ದು ಇನ್ನೊಂದಿಷ್ಟು. ಅಮೆರಿಕದ ವಿದ್ಯುತ್ 60 ಹರ್ಟ್ಜ್, ನಮ್ಮದು 50. ಜಪಾನಿನ ಮೂರು ಫೇಸ್ ಯಂತ್ರಗಳು 200 ವೋಲ್ಟಿನವು, ನಮ್ಮಲ್ಲಿ 415. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಸರಿಮಾಡಬಹುದು, ಆವರ್ತನ ಬದಲಾಗುವುದಿಲ್ಲ. ಸಿಎನ್‌ಸಿ ಯಂತ್ರವಾದರೆ ಅದರ ಕಂಟ್ರೋಲರಿಗೆ ಇಂದಿಗೂ ಸ್ಪೇರ್ ಬೋರ್ಡ್ ಸಿಗುತ್ತದೆಯೇ, ಬೆಂಗಳೂರಿನಲ್ಲಿ ಅದನ್ನು ರಿಪೇರಿ ಮಾಡುವವರಿದ್ದಾರೆಯೇ ಎಂದು ವಿಚಾರಿಸಿ. ಹಳೆಯ ಸಾದಾ ಲೇತ್, ಮಿಲ್ಲಿಂಗ್ ಯಂತ್ರ ಗಟ್ಟಿಮುಟ್ಟಾಗಿದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ ಎನ್ನುತ್ತಿದ್ದೆ, ಆದರೆ ಅಂಥವು ನಮ್ಮಲ್ಲೇ ಕಡಿಮೆ ಬೆಲೆಗೆ ಸಿಗುತ್ತವೆ. ಹಾಗಾಗಿ ಹೊರಗಿನಿಂದ ತರುವುದಾದರೆ ಇಲ್ಲಿ ಸಿಗದ್ದನ್ನು ತನ್ನಿ: ಅಳತೆಯ ಉಪಕರಣಗಳು, ಬೋಧನೆಗೆಂದೇ ಸೀಳಿ ತೋರಿಸುವ ಮಾದರಿಗಳು, ಅಭ್ಯಾಸದ ನಕ್ಷೆಗಳು. ಮೂರನೆಯದಕ್ಕೆ ಹಡಗೂ ಬೇಡ.

ಯಾವ ಮಾನ್ಯತೆ ಪಡೆಯಬೇಕು?

ಐಟಿಐ ಟ್ರೇಡುಗಳಾದರೆ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯ, ಅರ್ಜಿ ರಾಜ್ಯದ ಇಲಾಖೆಯ ಪರಿಶೀಲನೆಯಿಂದ ಹಾದುಹೋಗುತ್ತದೆ. ಫಿಟ್ಟರ್ ಎರಡು ವರ್ಷದ್ದು, ಒಂದು ಘಟಕಕ್ಕೆ 20 ಮಕ್ಕಳು. ಪಾಲಿಟೆಕ್ನಿಕ್ ಡಿಪ್ಲೊಮಾ ಆದರೆ ಎಐಸಿಟಿಇ, ಅಂದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ. ಅಲ್ಪಾವಧಿ ಕೋರ್ಸುಗಳಾದರೆ 2018ರಲ್ಲಿ ರಚನೆಯಾದ ರಾಷ್ಟ್ರೀಯ ವೃತ್ತಿ ಶಿಕ್ಷಣ ಮತ್ತು ತರಬೇತಿ ಮಂಡಳಿ (ಎನ್‌ಸಿವಿಇಟಿ) ಮಾನ್ಯ ಮಾಡಿದ ಪ್ರಮಾಣೀಕರಣ ಸಂಸ್ಥೆಯ ಜೊತೆ ಸೇರಬೇಕು.

ವಿದೇಶಿ ಪ್ರಮಾಣಪತ್ರವೊಂದೇ ಸಾಕು ಎನ್ನುವವರ ಮಾತು ಕೇಳಬೇಡಿ. ರೈಲ್ವೆ, ಎಚ್‌ಎಎಲ್, ಬೆಸ್ಕಾಂ ನೇಮಕಾತಿಯಲ್ಲಿ ಕೇಳುವುದು ದೇಶೀಯ ಮಾನ್ಯತೆಯನ್ನೇ. ಮಕ್ಕಳ ತಂದೆ ತಾಯಿ ಕೇಳುವ ಮೊದಲ ಪ್ರಶ್ನೆಯೂ ಅದೇ, ಮತ್ತು ಅವರು ಕೇಳುವುದು ಸರಿಯಾಗಿಯೇ ಇದೆ. ದೇಶೀಯ ಮಾನ್ಯತೆಯ ಮೇಲೆ ವಿದೇಶಿ ಪ್ರಮಾಣಪತ್ರ ಹೆಚ್ಚುವರಿಯಾಗಿರಲಿ.

ಇಲ್ಲಿ ಕಲಿತವರಿಗೆ ಜರ್ಮನಿ, ಜಪಾನಿನಲ್ಲಿ ಕೆಲಸ ಸಿಗುತ್ತದೆಯೇ?

ಸಿಗಬಹುದು. ಹಾಗೆಂದು ಕರಪತ್ರದಲ್ಲಿ ಅಚ್ಚು ಹಾಕಿಸಬೇಡಿ. ಜರ್ಮನಿಯ ಕುಶಲ ಕೆಲಸಗಾರರ ವಲಸೆ ಕಾಯ್ದೆ 2020ರ ಮಾರ್ಚಿನಲ್ಲಿ ಜಾರಿಗೆ ಬಂದ ಮೇಲೆ ಬಾಗಿಲು ಸ್ವಲ್ಪ ಅಗಲವಾಗಿದೆ, ಆದರೆ ಭಾಷೆ ಮತ್ತು ಅರ್ಹತೆಯ ಮಾನ್ಯತೆ ಎಂಬ ಹೊಸಿಲುಗಳು ಇದ್ದೇ ಇವೆ. ಜಪಾನಿನ ನಿರ್ದಿಷ್ಟ ಕೌಶಲ ಕೆಲಸಗಾರರ ವೀಸಾ 2019ರಲ್ಲಿ ಶುರುವಾಯಿತು, 2021ರ ಜನವರಿಯಲ್ಲಿ ಭಾರತದ ಜೊತೆ ಒಪ್ಪಂದವೂ ಆಯಿತು. ಅದಕ್ಕೂ ಕೌಶಲ ಪರೀಕ್ಷೆ, ಜಪಾನಿ ಭಾಷಾ ಪರೀಕ್ಷೆ ಎರಡೂ ಉಂಟು.

ಇನ್ನೊಂದು ಎಚ್ಚರಿಕೆ. ವಿದೇಶಿ ಉದ್ಯೋಗಕ್ಕೆ ಜನರನ್ನು ಕಳಿಸುವ ಕೆಲಸಕ್ಕೆ 1983ರ ವಲಸೆ ಕಾಯ್ದೆಯಡಿ ಪ್ರತ್ಯೇಕ ನೋಂದಣಿ ಬೇಕು. ತರಬೇತಿ ಸಂಸ್ಥೆ ಅದಿಲ್ಲದೆ ಹಣ ತೆಗೆದುಕೊಂಡು ಮಕ್ಕಳನ್ನು ಹೊರಗೆ ಕಳಿಸಿದರೆ ಅಪರಾಧ.

ಬೋಧಕರನ್ನು ಎಲ್ಲಿಂದ ತರುವುದು?

ಸಂಸ್ಥೆ ಏಳುವುದೂ ಬೀಳುವುದೂ ಈ ಪ್ರಶ್ನೆಯಲ್ಲಿ. ಕಟ್ಟಡಕ್ಕೆ ದಾನಿ ಸಿಗುತ್ತಾನೆ, ಯಂತ್ರಕ್ಕೆ ಸಾಲ ಸಿಗುತ್ತದೆ. ಫೈಲ್ ಹಿಡಿದು ಒಂದು ತುಂಡು ಕಬ್ಬಿಣವನ್ನು ಚೌಕಾಕಾರಕ್ಕೆ ತರುವುದನ್ನು ತೋರಿಸಿ, ಹುಡುಗನ ಮೊಣಕೈ ತಪ್ಪು ಕೋನದಲ್ಲಿದೆ ಎಂದು ದೂರದಿಂದಲೇ ಗುರುತಿಸುವವರು ಸಿಗುವುದು ಕಷ್ಟ.

ಎಂಜಿನಿಯರಿಂಗ್ ಪದವೀಧರರನ್ನು ಕಡಿಮೆ ಸಂಬಳಕ್ಕೆ ತೆಗೆದುಕೊಂಡು ತಿಂಗಳ ತರಬೇತಿ ಕೊಟ್ಟು ನಿಲ್ಲಿಸುವುದು ಎಲ್ಲೆಡೆ ಕಾಣುವ ಅಭ್ಯಾಸ. ಅವರು ಬೋರ್ಡಿನ ಮೇಲೆ ಚೆನ್ನಾಗಿ ಪಾಠ ಮಾಡುತ್ತಾರೆ, ಯಂತ್ರದ ಮುಂದೆ ಮಕ್ಕಳ ಜೊತೆಗೇ ಕಲಿಯುತ್ತಿರುತ್ತಾರೆ. ನನ್ನ ಸಲಹೆ: ಎಚ್‌ಎಂಟಿ, ಬಿಇಎಲ್, ಮೈಕೊ ಎಂದೇ ಇಂದಿಗೂ ಕರೆಯುವ ಬಾಷ್, ಕಿರ್ಲೋಸ್ಕರ್ ಕಾರ್ಖಾನೆಗಳಿಂದ ನಿವೃತ್ತರಾದ ಹಿರಿಯ ಕುಶಲಕರ್ಮಿಗಳನ್ನು ಹುಡುಕಿ. ಎಚ್‌ಎಂಟಿಯೇ 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ ಹುಟ್ಟಿದ್ದು. ಅಲ್ಲಿ ಪಳಗಿದ ಕೈಗಳಲ್ಲಿ ಸ್ವಿಸ್ ಶಿಸ್ತು ಈಗಾಗಲೇ ಇಲ್ಲಿಗೆ ಬಂದು ನೆಲೆಸಿದೆ, ಅದನ್ನು ಮತ್ತೆ ವಿಮಾನದಲ್ಲಿ ತರಿಸಬೇಕಿಲ್ಲ. ಹರಿಹರ, ಜಾಲಹಳ್ಳಿ, ಹುಬ್ಬಳ್ಳಿ, ಭದ್ರಾವತಿ ಕಡೆ ವಿಚಾರಿಸಿದರೆ ಸಿಗುತ್ತಾರೆ. ಅಂಥ ಒಬ್ಬ ಹಿರಿಯರಿಗೆ ಇಬ್ಬರು ಯುವಕರನ್ನು ಜೋಡಿಸಿ. ಯುವಕರನ್ನು ಬೋಧಕರ ತರಬೇತಿ ಕೋರ್ಸಿಗೆ ಕಳಿಸಿ, ಮಾನ್ಯತೆಗೂ ಅದು ಬೇಕಾಗುತ್ತದೆ.

ವಿದೇಶಿ ಸಹಭಾಗಿಯ ಹಣದಲ್ಲಿ ಅತಿ ಹೆಚ್ಚು ಪಾಲು ಎಲ್ಲಿ ಹಾಕಬೇಕು ಎಂದು ಕೇಳಿದರೆ ಇಲ್ಲೇ ಎನ್ನುತ್ತೇನೆ. ಅಧ್ಯಕ್ಷರು, ಕಾರ್ಯದರ್ಶಿಗಳು ಹತ್ತು ದಿನ ಯುರೋಪ್ ನೋಡಿ ಬರುವ ಖರ್ಚಿನಲ್ಲಿ ಒಬ್ಬ ಬೋಧಕ ಮೂರು ತಿಂಗಳು ಅಲ್ಲಿನ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ಬರಬಹುದು. ಬಂದವರು ಬೇರೆಡೆ ಹೋಗಿಬಿಡುತ್ತಾರೆ ಎಂಬ ಭಯಕ್ಕೆ ಬಾಂಡ್ ಬರೆಸಿಕೊಳ್ಳುವುದಕ್ಕಿಂತ ಸಂಬಳ ಸರಿಯಾಗಿ ಕೊಡುವುದು ಹೆಚ್ಚು ಕೆಲಸ ಮಾಡುತ್ತದೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ಕಷ್ಟವಾಗುವುದಿಲ್ಲವೇ?

ಪಾಠ ಇಂಗ್ಲಿಷಿನಲ್ಲೇ ಆಗಬೇಕೆಂದು ಹಟ ಹಿಡಿದರೆ ಕಷ್ಟವಾಗುತ್ತದೆ. ಹಟ ಹಿಡಿಯಲು ಕಾರಣವೇ ಇಲ್ಲ. ಐಟಿಐ ಪುಸ್ತಕಗಳನ್ನು ಸಿದ್ಧಪಡಿಸುವ ಚೆನ್ನೈನ ನಿಮಿ ಸಂಸ್ಥೆ 1986ರಲ್ಲಿ ಜರ್ಮನ್ ಸಹಾಯದಿಂದಲೇ ಹುಟ್ಟಿದ್ದು, ಅದು ಕನ್ನಡದಲ್ಲೂ ಪುಸ್ತಕ ತರುತ್ತದೆ. ಅವುಗಳಲ್ಲಿ ಕೆಲವು ಕಡೆ ಭಾಷೆ ಗ್ರಾಂಥಿಕ. ಲೇತ್‌ಗೆ ಚರಕಿ ಯಂತ್ರ ಎಂದು ಹೇಳಿಕೊಡುವ ಅಗತ್ಯವಿಲ್ಲ. ಲೇತ್, ಚಕ್, ಫೀಡ್, ಟಾಲರೆನ್ಸ್ ಎಂಬ ಮಾತುಗಳು ಹಾಗೇ ಇರಲಿ, ಅವು ಈಗ ಕನ್ನಡವೇ. ವಿವರಣೆ ಮಾತ್ರ ಮಕ್ಕಳು ಮನೆಯಲ್ಲಾಡುವ ಮಾತಿನಲ್ಲಿರಲಿ.

ನಕ್ಷೆ ಓದುವುದನ್ನು ಮೊದಲ ದಿನದಿಂದ ಕಲಿಸಿ. ನಕ್ಷೆಯೇ ಅಂತರರಾಷ್ಟ್ರೀಯ ಭಾಷೆ. ಬೀದರಿನ ಹುಡುಗಿ ಬರೆದ ನಕ್ಷೆಯನ್ನು ಕೋಪನ್‌ಹೇಗನ್ನಿನ ಫಿಟ್ಟರ್ ದುಭಾಷಿ ಇಲ್ಲದೆ ಓದುತ್ತಾನೆ. ಇಂಗ್ಲಿಷ್ ಸಂಭಾಷಣೆಯ ತರಗತಿ ಎರಡನೆಯ ವರ್ಷದಿಂದ ಸಾಕು. ಗಣಿತ ಮಾತ್ರ ಮುಂದೂಡಬೇಡಿ: ದಶಮಾಂಶ, ತ್ರಿಕೋನಮಿತಿಯಲ್ಲಿ ಹಿಂದೆ ಬಿದ್ದವರಿಗೆ ಮೊದಲ ಎರಡು ತಿಂಗಳು ಪ್ರತ್ಯೇಕ ಪಾಠ ಬೇಕೇ ಬೇಕು.

ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲು ಏನು ಮಾಡಬೇಕು?

ಹಾಸ್ಟೆಲ್ ಕಟ್ಟಬೇಕು. ಉಳಿದದ್ದೆಲ್ಲ ಆಮೇಲಿನ ಮಾತು. ಸ್ವೀಡನ್ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ (ಐಎಲ್‌ಒ) ನೆರವಿನಿಂದ 1977ರಲ್ಲೇ ಬೆಂಗಳೂರಿನಲ್ಲಿ ಮಹಿಳೆಯರಿಗೆಂದು ವೃತ್ತಿ ತರಬೇತಿ ಕೇಂದ್ರ ಬಂದಿತ್ತು. ದೇವನಹಳ್ಳಿ ಸುತ್ತಲಿನ ಎಲೆಕ್ಟ್ರಾನಿಕ್ಸ್ ಘಟಕಗಳಲ್ಲಿ ಹೆಣ್ಣುಮಕ್ಕಳೇ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಟೂಲ್‌ರೂಮಿನಲ್ಲಿ ಮಾತ್ರ ಇನ್ನೂ ಕಡಿಮೆ. ಅವರನ್ನು ಹೊಲಿಗೆ, ಕಂಪ್ಯೂಟರ್ ಕೋರ್ಸಿಗೆ ತಳ್ಳಿ ಅಂಕಿಅಂಶ ತುಂಬಿಸಿಕೊಳ್ಳುವುದಾದರೆ ಈ ಪ್ರಶ್ನೆ ಕೇಳದಿರುವುದೇ ವಾಸಿ.

ವಿದೇಶಿ ತಜ್ಞರು ಬಂದು ಪಾಠ ಮಾಡಲು ಯಾವ ವೀಸಾ?

ಟೂರಿಸ್ಟ್ ವೀಸಾದಲ್ಲಿ ಬಂದು ಪಾಠ ಮಾಡುವಂತಿಲ್ಲ. ಸಂಬಳ ಪಡೆಯುವವರಾದರೆ ಎಂಪ್ಲಾಯ್‌ಮೆಂಟ್ ವೀಸಾ ಬೇಕು. ಗೌರವಾರ್ಥ ಸೇವೆಯಾದರೂ ಅದನ್ನು ವೀಸಾ ಅರ್ಜಿಯಲ್ಲೇ ಹೇಳಬೇಕು. 180 ದಿನಕ್ಕಿಂತ ಹೆಚ್ಚಿನ ವೀಸಾ ಇದ್ದರೆ ಬಂದ 14 ದಿನದೊಳಗೆ ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ) ನೋಂದಣಿ. ತಜ್ಞರು ಎಷ್ಟು ದೊಡ್ಡವರಾದರೂ ತಾವೊಬ್ಬರೇ ನಿಂತು ಮಕ್ಕಳಿಗೆ ಪಾಠ ಮಾಡುವುದು ವ್ಯರ್ಥ, ಅವರ ಪಕ್ಕ ನಿಮ್ಮ ಬೋಧಕ ಸದಾ ಇರಬೇಕು.

ಒಪ್ಪಂದದಲ್ಲಿ ಏನೇನು ಬರೆಸಬೇಕು?

ಫೋಟೋ ತೆಗೆಸಿಕೊಳ್ಳಲು ಸಹಿ ಹಾಕುವ ಎಂಒಯು (ತಿಳಿವಳಿಕೆ ಪತ್ರ) ಯಾರನ್ನೂ ಕಟ್ಟಿಹಾಕುವುದಿಲ್ಲ. ಅದರ ಹಿಂದೆ ಬರುವ ಒಪ್ಪಂದವೇ ನಿಜವಾದದ್ದು. ಪಠ್ಯಕ್ರಮ ಯಾರದು, ಸಹಭಾಗಿತ್ವ ಮುಗಿದ ಮೇಲೂ ಅದನ್ನು ಬಳಸಿ ತಿದ್ದಬಹುದೇ, ಅನುವಾದಿಸಬಹುದೇ ಎಂಬುದು ಮೊದಲು ಬರಲಿ. ಯಂತ್ರಗಳ ಒಡೆತನ ಯಾವ ದಿನ ನಿಮಗೆ ಬರುತ್ತದೆ ಎಂದು ತಾರೀಖು ಹಾಕಿ. ಸಾಫ್ಟ್‌ವೇರ್ ಲೈಸೆನ್ಸ್ ನವೀಕರಣದ ಖರ್ಚು ಯಾರದೆಂದು ಬರೆಯಿರಿ: ವಿನ್ಯಾಸದ ಸಾಫ್ಟ್‌ವೇರ್ ಮೊದಲ ಮೂರು ವರ್ಷ ಉಚಿತವಾಗಿ ಬಂದು, ನಾಲ್ಕನೆಯ ವರ್ಷದ ಬಿಲ್ಲು ನೋಡಿ ಪ್ರಯೋಗಾಲಯ ಮುಚ್ಚಿದ ಉದಾಹರಣೆಗಳಿವೆ. ಉತ್ಪಾದನೆಯ ಆರ್ಡರ್ ತೆಗೆದುಕೊಳ್ಳಲು ಸಹಭಾಗಿಯ ಆಕ್ಷೇಪವಿಲ್ಲ ಎಂಬ ಸಾಲು ಇರಲೇಬೇಕು, ಕೆಲವು ದಾನಿಗಳು ತಮ್ಮ ಯಂತ್ರದಲ್ಲಿ ವ್ಯಾಪಾರದ ಕೆಲಸ ಮಾಡಬಾರದೆನ್ನುತ್ತಾರೆ. ಹಾಗೆಂದರೆ ಆ ಯಂತ್ರ ಬೇಡ ಎನ್ನುವ ಧೈರ್ಯ ಇಟ್ಟುಕೊಳ್ಳಿ.

ನೀವೇ ಅವರಿಗೆ ಶುಲ್ಕ ಕಳಿಸುವುದಿದ್ದರೆ ಟಿಡಿಎಸ್ (ಮೂಲದಲ್ಲೇ ಕಡಿಯುವ ತೆರಿಗೆ) ಮತ್ತು ರಿವರ್ಸ್ ಚಾರ್ಜ್ ಜಿಎಸ್‌ಟಿ (ಸೇವೆ ಪಡೆದವರೇ ಕಟ್ಟುವ ಜಿಎಸ್‌ಟಿ) ನಿಮ್ಮ ತಲೆಗೆ ಬರುತ್ತವೆ. ಬಜೆಟ್ಟಿನಲ್ಲಿ ಇದನ್ನು ಮರೆಯುವವರು ಬಹಳ.

ವರ್ಷದ ಖರ್ಚು ಎಲ್ಲಿ ಬೀಳುತ್ತದೆ?

ಕಬ್ಬಿಣ, ಕಟಿಂಗ್ ಟೂಲ್, ಎಣ್ಣೆ, ವಿದ್ಯುತ್, ಯಂತ್ರಗಳ ವಾರ್ಷಿಕ ನಿರ್ವಹಣಾ ಕರಾರು (ಎಎಂಸಿ), ಸಂಬಳ. ಇವುಗಳಲ್ಲಿ ಮೊದಲು ಕತ್ತರಿ ಬೀಳುವುದು ಕಬ್ಬಿಣ ಮತ್ತು ಟೂಲ್‌ಗೆ. ಅಲ್ಲಿಗೆ ತರಬೇತಿ ಮುಗಿದಂತೆಯೇ, ಏಕೆಂದರೆ ಲೋಹ ಕೊರೆಯದೆ ಕೈ ಪಳಗುವುದಿಲ್ಲ. ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ ಎಷ್ಟು ಕಿಲೊ ಲೋಹ ಎಂದು ಪ್ರತ್ಯೇಕ ಲೆಕ್ಕ ಇಡಿ, ಅದನ್ನು ಆಡಳಿತ ಮಂಡಳಿಯ ಪ್ರತಿ ಸಭೆಯಲ್ಲಿ ಓದಿಸಿ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಸಂಸ್ಥೆ ತೆರೆಯುವವರು ಅಲ್ಲಿನ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದ ಸಾಧ್ಯತೆಯನ್ನೂ ವಿಚಾರಿಸಬಹುದು.

ಉತ್ಪಾದನೆಯ ಕೆಲಸ ಹಿಡಿದರೆ ಮಕ್ಕಳು ಪುಕ್ಕಟೆ ಕೂಲಿಗಳಾಗುವುದಿಲ್ಲವೇ?

ಆಗುವ ಅಪಾಯ ನಿಜವಾಗಿಯೂ ಇದೆ. ಒಂದೇ ಬಿಡಿಭಾಗವನ್ನು ಸಾವಿರಗಟ್ಟಲೆ ಮಾಡಿಸುವ ಆರ್ಡರ್ ಲಾಭ ತರುತ್ತದೆ, ಹುಡುಗನಿಗೆ ಎರಡನೆಯ ದಿನದ ನಂತರ ಏನನ್ನೂ ಕಲಿಸುವುದಿಲ್ಲ. ಟೂಲ್‌ರೂಮಿನ ಕೆಲಸ ಇದಕ್ಕೆ ವಿರುದ್ಧ, ಪ್ರತಿ ಅಚ್ಚೂ ಹೊಸದು. ಆದ್ದರಿಂದ ಒಂಟಿ ತುಂಡುಗಳ, ಸಣ್ಣ ಸಂಖ್ಯೆಯ ಆರ್ಡರುಗಳನ್ನೇ ಹಿಡಿಯಿರಿ. ಮೊದಲ ವರ್ಷದವರನ್ನು ಉತ್ಪಾದನೆಗೆ ಬಿಡಬೇಡಿ. ಮಾಡಿದ ಕೆಲಸಕ್ಕೆ ಸ್ಟೈಪೆಂಡ್ ಕೊಡಿ. ಆರ್ಡರ್ ಒಪ್ಪುವ ಅಧಿಕಾರ ಮಾರ್ಕೆಟಿಂಗ್‌ನವರ ಕೈಯಲ್ಲಿ ಮಾತ್ರ ಇರದೆ ತರಬೇತಿ ಮುಖ್ಯಸ್ಥರ ಸಹಿಯೂ ಬೇಕೆಂಬ ನಿಯಮ ಇರಲಿ.

ಸಹಭಾಗಿ ಹೋಗುವ ಕಾಲ ಯಾವುದು ಇರಬೇಕು?

ಮೂರನೆಯ ತಂಡ ಹೊರಬಿದ್ದ ಮೇಲೆ ಎಂದು ಇಟ್ಟುಕೊಳ್ಳಿ. ಮೊದಲ ತಂಡ ಅವರದು, ಎರಡನೆಯದು ಇಬ್ಬರದು, ಮೂರನೆಯದು ನಿಮ್ಮದು. ಮೂರನೆಯ ತಂಡದ ಪಾಠ, ಪರೀಕ್ಷೆ, ಯಂತ್ರ ದುರಸ್ತಿ ಎಲ್ಲ ನಿಮ್ಮವರೇ ಮಾಡಿ, ಸಹಭಾಗಿಗಳು ಕೇವಲ ಬಂದು ನೋಡಿ ಹೋಗಲಿ. ಆ ವರ್ಷ ಏನೇನು ಕೈಕೊಡುತ್ತದೋ ಅದನ್ನು ಅವರಿರುವಾಗಲೇ ಸರಿಪಡಿಸಿಕೊಳ್ಳಬಹುದು. ನಂತರವೂ ವರ್ಷಕ್ಕೊಮ್ಮೆ ಹೊರಗಿನ ಪರೀಕ್ಷಕರಾಗಿ ಅವರನ್ನು ಕರೆಯುವ ಸಂಬಂಧ ಉಳಿಸಿಕೊಳ್ಳುವುದು ಒಳ್ಳೆಯದು.

ಮೊದಲ ತಂಡವನ್ನು ಯಾವಾಗ ಸೇರಿಸಿಕೊಳ್ಳಬೇಕು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಬೇಸಿಗೆಯಲ್ಲಿ ಮಕ್ಕಳು ತೀರ್ಮಾನ ಮಾಡಿಬಿಡುತ್ತಾರೆ. ಐಟಿಐ ತರಗತಿಗಳು ಆಗಸ್ಟ್ ಹೊತ್ತಿಗೆ ಶುರುವಾಗುತ್ತವೆ. ಹಾಗಾಗಿ ಜನವರಿಯಲ್ಲಿ ಹಳ್ಳಿಗಳ ಪ್ರೌಢಶಾಲೆಗಳಿಗೆ ಹೋಗಿ ಮಾತಾಡಿ, ಫೆಬ್ರುವರಿ ಹೊತ್ತಿಗೆ ಮಕ್ಕಳನ್ನು ಪೋಷಕರ ಸಮೇತ ಕರೆತಂದು ಓಡುತ್ತಿರುವ ಯಂತ್ರ ತೋರಿಸುವಂತಿರಬೇಕು. ಫೆಬ್ರುವರಿಗೆ ಯಂತ್ರ ಓಡುವಂತಿಲ್ಲ ಎಂದಾದರೆ ಪ್ರವೇಶವನ್ನು ಮುಂದಿನ ವರ್ಷಕ್ಕೆ ಹಾಕಿ, ಆ ಒಂದು ವರ್ಷ ಬೋಧಕರನ್ನು ತಯಾರು ಮಾಡಿ.